ಏರಿಯ ಮೇಲೆ ಕೂಡಿಬಂದ ಲೆಕ್ಕ

ಶನಿವಾರ ಬೆಳಿಗ್ಗೆ ಏಳು ಗಂಟೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಮೆಟ್ರೊ ಕಂಬಗಳ ಸಾಲು ದಾಟಿ ದೊಡ್ಡನೆಕ್ಕುಂದಿಯೊಳಗೆ ತಿರುಗುತ್ತೀರಿ. ಪಿಜಿಗಳ ಬೋರ್ಡು, ಇಡ್ಲಿಯ ಹಬೆ, ನೀರಿನ ಟ್ಯಾಂಕರಿನ ಹಾರ್ನ್, ಆಮೇಲೆ ಕೆರೆ. ಏರಿಯ ಮೇಲೆ ನಾಲ್ಕೈದು ಜನ ಮಾತಾಡುತ್ತಾ ನಡೆದಿದ್ದಾರೆ. ನೀವೂ ಜೊತೆಗೂಡುತ್ತೀರಿ.

ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ತಯಾರಿಸುವವರೊಬ್ಬರ ಮುಖದಲ್ಲಿ ಚಿಂತೆ. "ಮೇಡಂ, ಕಸ್ಟಮರ್ ಈ ಸಲ ರೇಟಿಗಿಂತ ಮೊದಲು ಕರೆಂಟೆಷ್ಟು, ನೀರೆಷ್ಟು, ಸ್ಕ್ರ್ಯಾಪ್ ಎಲ್ಲಿಗೆ ಹೋಗುತ್ತೆ ಅಂತ ಕೇಳಿದಾರೆ."

ಟೆಕ್ ಪಾರ್ಕೊಂದರ ಕಟ್ಟಡ ನಿರ್ವಹಣೆ ನೋಡಿಕೊಳ್ಳುವ ಆ ಮೇಡಂಗೆ ಕಾರಣ ಗೊತ್ತು. 2022–23ರಿಂದ ಷೇರುಪೇಟೆಯ ನಿಯಂತ್ರಕ ಸೆಬಿ ಅಲ್ಲಿನ ಮೊದಲ 1,000 ಕಂಪನಿಗಳಿಗೆ ಪರಿಸರದ ಲೆಕ್ಕ ಒಪ್ಪಿಸುವುದನ್ನು ಕಡ್ಡಾಯ ಮಾಡಿದೆ. ಆ ಕಂಪನಿಗಳ ಪ್ರಶ್ನೆಗಳು ಈಗ ಸಣ್ಣ ಶೆಡ್ಡುಗಳ ಬಾಗಿಲಿಗೂ ಬಂದಿವೆ.

"ಮೊದಲು ಕಂಪ್ರೆಸರ್ ಲೈನ್ ನೋಡಿ ಸಾರ್. ಮಷೀನೆಲ್ಲ ನಿಲ್ಲಿಸಿ, ಗಾಳಿ ಮಾತ್ರ ಬಿಟ್ಟು ಕಿವಿಗೊಡಿ. ಸುಯ್ ಅನ್ನೋ ಕಡೆಯೆಲ್ಲ ಚಾಕಿನ ಗುರುತು ಹಾಕಿ. ಕರೆಂಟ್ ಬಿಲ್ ಸೋರೋದೇ ಅಲ್ಲಿ."

ಬಿಡಿಭಾಗದವರು ಫೋನಿನಲ್ಲಿ ಬರೆದುಕೊಳ್ಳುತ್ತಾರೆ. ಸಾವಿರಾರು ರೂಪಾಯಿಯ ಸಲಹೆ ಹತ್ತು ಹೆಜ್ಜೆಯಲ್ಲಿ ಕೈ ಬದಲಾಯಿಸಿದ್ದನ್ನು ನೀವು ಕಣ್ಣಾರೆ ಕಂಡಿರಿ.

ಕೋಡಿಯ ಕಡೆ ಬರುವಾಗ ಮಾತು ನೀರಿಗೆ ಹೊರಳುತ್ತದೆ. 2022ರ ಆಗಸ್ಟ್ 30ರ ಮಳೆಯಲ್ಲಿ ಉದ್ಯೋಗಿಗಳು ಐದು ತಾಸು ರಸ್ತೆಯಲ್ಲಿ ಸಿಲುಕಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಬರೆದಿತ್ತು. 2024ರ ಮಾರ್ಚಿನಲ್ಲಿ ಅದೇ ಊರಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ. ರಾಜಕಾಲುವೆ ಒತ್ತುವರಿಯಾದರೆ ನೆರೆ, ಕೆರೆ ಒಣಗಿದರೆ ಬರ. ಎರಡಕ್ಕೂ ಯಾವ ಕಂಪನಿಯ ಕಾಂಪೌಂಡೂ ಅಡ್ಡ ಬರುವುದಿಲ್ಲ.

"ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿ ಶುದ್ಧೀಕರಿಸಿದ ಕೊಳಚೆ ನೀರು ದಿನಾ ಮಿಗುತ್ತೆ, ಚರಂಡಿಗೆ ಬಿಡ್ತಿದ್ದೀವಿ," ಎನ್ನುತ್ತಾರೆ ಹಿಂದೆ ಬರುತ್ತಿದ್ದ ಹಿರಿಯರು.

ಮೇಡಂ ಥಟ್ಟನೆ ನಿಲ್ಲುತ್ತಾರೆ. "ನಮ್ಮ ಕೂಲಿಂಗ್ ಟವರ್‌ಗೆ ಟ್ಯಾಂಕರ್ ತರಿಸ್ತೀವಿ ಸಾರ್! ಗಡಸುತನ, ಟಿಡಿಎಸ್ ಎಷ್ಟಿದೆ?"

ಹೀಗೆ ಒಬ್ಬರಲ್ಲಿದ್ದುದನ್ನು ಬೇಕಾದ ಕಡೆ ಜೋಡಿಸುವುದು ಹೊಸದೇನಲ್ಲ. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆಗೆ 2017ರಲ್ಲಿ ಜೀವ ಬಂದದ್ದು ಹೀಗೇ: ಎಂಜಿನಿಯರ್ ಆನಂದ್ ಮಲ್ಲಿಗವಾಡ್ ತಾವು ಕೆಲಸ ಮಾಡುತ್ತಿದ್ದ ಸನ್ಸೇರಾ ಕಂಪನಿಯ ಸಿಎಸ್‌ಆರ್ ಹಣವನ್ನು ಕೆರೆಯ ಹೂಳೆತ್ತುವ ಕೆಲಸಕ್ಕೆ ತಂದು ಜೋಡಿಸಿದರು.

ವಿಸಿಟಿಂಗ್ ಕಾರ್ಡುಗಳ ಕಟ್ಟಿನಿಂದ ಭೂಮಿಗೆ ಏನೂ ಆಗದು. ಒಬ್ಬರ ಮಿಗತೆ ಇನ್ನೊಬ್ಬರ ಕೊರತೆಗೆ ಸೇರಿದರೆ ಮಾತ್ರ ಪರಿಚಯ ಫಲಿಸಿದಂತೆ.

"ಸೋಮವಾರ ಹತ್ತಕ್ಕೆ ಸ್ಯಾಂಪಲ್ ತಗೊಂಡು ಹೋಗೋಕೆ ಹುಡುಗನ್ನ ಕಳಿಸ್ತೀನಿ," ಎನ್ನುತ್ತಾರೆ ಮೇಡಂ. ಹಿರಿಯರು ಪ್ಲಾಂಟ್ ಆಪರೇಟರಿಗೆ ಆಗಲೇ ಫೋನ್ ಹಚ್ಚಿದ್ದಾರೆ.