ಯಜಮಾನರ ಎರಡನೆಯ ಸೇವೆ

ನಮ್ಮ ಯಜಮಾನರು ಹದಿನೇಳು ವರ್ಷಗಳ ಸೇನಾಸೇವೆ ಮುಗಿಸಿ, ಕರಿಯ ಟ್ರಂಕಿನೊಡನೆ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಪಿಂಚಣಿ ಬರುತ್ತಿತ್ತು, ಕೆಲಸವಿರಲಿಲ್ಲ. ನಸುಕಿನ ನಾಲ್ಕಕ್ಕೇ ಎದ್ದು ಅಂಗಳದಲ್ಲಿ ಶತಪಥ ತಿರುಗುತ್ತಿದ್ದರು. ಬೆಂಗಳೂರಿನಲ್ಲಿ ಕಾವಲುಗಾರರಾಗುವ ಮಾತೂ ಬಂದಿತ್ತು.

ಅಷ್ಟರಲ್ಲಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ಎನ್.ಸಿ.ಸಿ. ಮಕ್ಕಳಿಗೆ ಕವಾಯತು ಕಲಿಸಲು ಕರೆದರು. ಮೊದಲ ದಿನವೇ ಇವರ ಗದರಿಕೆಗೆ ಬಾಲಕನೊಬ್ಬ ಅತ್ತುಬಿಟ್ಟ. ಆ ರಾತ್ರಿ ಇವರಿಗೆ ಊಟ ಸೇರಲಿಲ್ಲ. “ಅವರು ಸಿಪಾಯಿಗಳಲ್ಲ ಕಣೇ, ಮಕ್ಕಳು” ಎಂದರು. ಮರುದಿನ ಅದೇ ಬಾಲಕನೆದುರು ನೆಲದಲ್ಲಿ ಕುಳಿತು ಬೂಟಿನ ದಾರ ಕಟ್ಟುವುದನ್ನು ಕಲಿಸಿದರಂತೆ.

ಮಾಗಿಯಲ್ಲಿ ಬೇಲೂರು, ಹಳೇಬೀಡುಗಳಿಗೆ ಮಕ್ಕಳ ಪ್ರವಾಸ, ನಾನೂ ಹೋಗಿದ್ದೆ. ಹೊಯ್ಸಳೇಶ್ವರ ದೇಗುಲದ ಬಳಿಯ ಗರುಡಗಂಬದೆದುರು ಎಲ್ಲರೂ ನಿಂತೆವು. ಕ್ರಿ.ಶ. 1220ರಲ್ಲಿ ಎರಡನೆಯ ವೀರಬಲ್ಲಾಳ ತೀರಿಕೊಂಡಾಗ, ಒಡೆಯನೊಡನೆ ಪ್ರಾಣವಿತ್ತ ಕುವರಲಕ್ಷ್ಮನ ನೆನಪಿನ ಕಂಬವದು. “ನೀವೂ ಹೀಗೆ ಮಾಡುತ್ತಿದ್ದಿರಾ ಸಾರ್?” ಎಂದು ಆ ಬಾಲಕನೇ ಕೇಳಿದ. ಇವರು ತುಸು ಸುಮ್ಮನಿದ್ದು, “ಸೈನಿಕ ಪ್ರಾಣ ಕೊಡಲು ಸಿದ್ಧನಿರಬೇಕು ಮಗೂ. ಬದುಕಿ ಬಂದರೆ, ಕಲಿತದ್ದನ್ನು ಕೊಡಬೇಕು” ಎಂದರು.

1948ರಲ್ಲಿ 20 ಸಾವಿರ ಮಕ್ಕಳಿಂದ ಆರಂಭವಾದ ಎನ್.ಸಿ.ಸಿ.ಗೆ 3 ಲಕ್ಷ ಸ್ಥಾನಗಳನ್ನು ಸೇರಿಸಲು ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿತು. ಮಾಜಿ ಸೈನಿಕರನ್ನು ಬೋಧಕರನ್ನಾಗಿಸುವ ಯೋಜನೆಯೂ ಅದರಲ್ಲಿದೆ. ಮಡಿದ ವೀರನಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಬದುಕಿ ಮರಳಿದವನಿಗೆ ಶಾಲೆಯ ಬಾಗಿಲು ತೆರೆಯುವುದೂ ನಮ್ಮ ಕರ್ತವ್ಯವಲ್ಲವೇ?