ಅಲೀಪುರದ ಹರಳು, ಮನೆಯೊಳಗಿನ ಸಾಣೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ ಹೊರಟ ರೈಲು, ಮಾಕಳಿದುರ್ಗದ ಬಂಡೆಗಳನ್ನು ಹಿಂದಿಕ್ಕಿದ ಮೇಲೆ ಬಯಲಿಗಿಳಿಯುತ್ತದೆ. ಗೌರೀಬಿದನೂರು ಇನ್ನೂ ಮುಂದಿರುವಾಗಲೇ ತೊಂಡೇಭಾವಿ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲೀಪುರಕ್ಕೆ ಹೋಗುವವರು ಇಳಿಯುವುದು ಇಲ್ಲಿಯೇ. ಸುತ್ತಮುತ್ತ ಮಳೆಯನ್ನೇ ನಂಬಿದ ಹೊಲಗಳು, ದೂರದಲ್ಲಿ ಬೋಳುಗುಡ್ಡಗಳು. ಸಂಪತ್ತಿನ ಸುಳಿವು ಕೊಡುವಂಥದೇನೂ ಕಣ್ಣಿಗೆ ಬೀಳುವುದಿಲ್ಲ. ಆದರೂ ಮಾಣಿಕ್ಯ, ನೀಲ, ಪಚ್ಚೆಗಳ ಮಾತು ರಾಗಿ ಜೋಳದ ಮಾತಿನಷ್ಟೇ ಸಹಜವಾಗಿ ನಡೆಯುವ ಊರೊಂದು ಇದೇ ಬಯಲಿನಲ್ಲಿದೆ.

ಅಲೀಪುರದ ನಿವಾಸಿಗಳಲ್ಲಿ ಬಹುಮಂದಿ ಶಿಯಾ ಪಂಥದ ಮುಸಲ್ಮಾನರು. ಮನೆಮಾತು ಉರ್ದು, ಸಂತೆಗೆ, ಕಚೇರಿಗೆ ಕನ್ನಡ. ಮೊಹರಂ ತಿಂಗಳು ಬಂದಿತೆಂದರೆ ಊರು ಕರಿಯ ಉಡುಪು ತೊಡುತ್ತದೆ. ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದುದನ್ನು ನೆನೆದು ಎದೆ ಬಡಿದುಕೊಳ್ಳುವ ಮೆರವಣಿಗೆಯನ್ನು ಕಾಣಲು ಹೊರಗಿನವರೂ ಬರುತ್ತಾರೆ. ಉಳಿದ ದಿನಗಳಲ್ಲಿ ಊರಿನ ಹೆಸರನ್ನು ಹೊರಗೆ ಒಯ್ಯುವುದು ಹರಳಿನ ವ್ಯಾಪಾರ.

ಹರಳಿನ ಕಸುಬಿಗೆ ಊರಿನ ನೆಲದಲ್ಲಿಯೇ ಗಣಿ ಇರಬೇಕೆಂಬ ನಿಯಮವಿಲ್ಲ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಐದು ಕ್ಯಾರಟ್ ಕೂಡಿದರೆ ಒಂದು ಗ್ರಾಂ. ಒಂದು ಸಂಸಾರದ ಇಡೀ ಬಂಡವಾಳ ಮಡಿಸಿದ ಕಾಗದದ ಪೊಟ್ಟಣವೊಂದರಲ್ಲಿ ಅಡಗಿ, ಅಂಗಿಯ ಒಳಜೇಬಿನಲ್ಲಿ ದೇಶದೇಶಗಳನ್ನು ಸುತ್ತಿ ಬರಬಹುದು. ಮರಳಿ ಬಂದ ಕಲ್ಲನ್ನು ಉಜ್ಜುವ ಸಾಣೆಯೂ ಅಷ್ಟೇ. ಕಾರ್ಖಾನೆಯ ಹಂಗಿಲ್ಲದೆ ಮನೆಯ ಒಂದು ಮೂಲೆಯಲ್ಲಿ ನೆಲೆ ನಿಲ್ಲಬಲ್ಲುದು.

ಮನೆಯಲ್ಲಿ ಸಾಣೆಯ ಮೇಜು ಹೂಡಲು ಹೊರಟವನು ಮೊದಲು ಹುಡುಕಬೇಕಾದುದು ಯಂತ್ರವನ್ನಲ್ಲ, ಕಿಟಕಿಯನ್ನು. ಉತ್ತರ ದಿಕ್ಕಿನ ಬೆಳಕು ದಿನವಿಡೀ ಒಂದೇ ಹದದಲ್ಲಿರುವುದರಿಂದ ಹರಳಿನ ಬಣ್ಣ ಕಣ್ಣನ್ನು ವಂಚಿಸುವುದಿಲ್ಲ. ಎರಡನೆಯದು ಮೇಜಿನ ಭಾರ. ಕೈ ಇಟ್ಟರೆ ಅಲುಗುವ ಮೇಜಿನ ಮೇಲೆ ಸಮತಲವಾದ ಮುಖ ಎಂದಿಗೂ ಮೂಡದು. ಮೇಜಿನ ಅಂಚಿಗೆ ಸುತ್ತಲೂ ಒಂದು ಪಟ್ಟಿ ಬಡಿದಿರಬೇಕು; ಇಲ್ಲವಾದರೆ ಬೆರಳಿನಿಂದ ಜಾರಿದ ಹರಳನ್ನು ಮನೆಮಂದಿಯೆಲ್ಲ ನೆಲಕ್ಕೆ ಬಾಗಿ ಹುಡುಕುವ ಪ್ರಸಂಗ ಬರುತ್ತದೆ. ಅಡುಗೆಮನೆಗೆ ಹೊಂದಿದ ಕೋಣೆ ಸಲ್ಲದು. ಇದರ ಕಾರಣ ಮುಂದೆ ತಿಳಿಯುತ್ತದೆ.

ಹಿಂದಿನ ಸಾಣೆಗಾರರು ಒಂದು ಕೈಯಿಂದ ಬಿಲ್ಲನ್ನು ಎಳೆದು ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಿಂದ ಹರಳನ್ನು ಒತ್ತುತ್ತಿದ್ದರು. ಬಿಲ್ಲಿನ ಜಾಗಕ್ಕೆ ಮೋಟಾರು ಬಂದ ಮೇಲೆ ಎರಡೂ ಕೈಗಳಿಗೆ ಬಿಡುವಾಯಿತು. ಆದರೆ ಕಲ್ಲನ್ನು ಸವೆಸುವ ತತ್ತ್ವ ಬದಲಾಗಿಲ್ಲ. ಮೆದುವಾದುದನ್ನು ಗಟ್ಟಿಯಾದುದು ಸವೆಸುತ್ತದೆ, ಅಷ್ಟೆ. 1812ರಲ್ಲಿ ಜರ್ಮನಿಯ ಮೋಸ್ ಎಂಬ ಖನಿಜಶಾಸ್ತ್ರಜ್ಞನು ರೂಪಿಸಿದ ಗಡಸುತನದ ಅಳತೆಯಲ್ಲಿ ಸ್ಫಟಿಕದ್ದು 7, ಕುರುವಿಂದದ್ದು 9, ವಜ್ರದ್ದು 10. ಮಾಣಿಕ್ಯವೂ ನೀಲವೂ ಬಣ್ಣ ಹತ್ತಿದ ಕುರುವಿಂದಗಳೇ. ಇಂಗ್ಲಿಷಿನ ಕೊರಂಡಮ್ ಎಂಬ ಹೆಸರು ಹುಟ್ಟಿದ್ದು ನಮ್ಮ ದಕ್ಷಿಣದ ಭಾಷೆಗಳ ಇದೇ ಶಬ್ದದಿಂದ ಎಂಬುದನ್ನು ನಮ್ಮವರೇ ಮರೆತಿದ್ದಾರೆ.

ಕಚ್ಚಾ ಹರಳನ್ನು ದೀಪದ ಉರಿಗೆ ಹಿಡಿದ ಅರಗಿನಿಂದ ಒಂದು ಕಡ್ಡಿಯ ತುದಿಗೆ ಅಂಟಿಸುತ್ತಾರೆ. ಕಡ್ಡಿಯ ಇನ್ನೊಂದು ತುದಿಯನ್ನು ರಂಧ್ರಗಳಿರುವ ಹಲಗೆಗೆ ಊರಿದರೆ, ಯಾವ ರಂಧ್ರವೋ ಅದಕ್ಕೆ ತಕ್ಕ ಕೋನದಲ್ಲಿ ಹರಳು ಚಕ್ರವನ್ನು ಮುಟ್ಟುತ್ತದೆ. ಕಸುಬಿನ ಗುಟ್ಟೆಲ್ಲ ಈ ಕೋನದಲ್ಲಿದೆ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಮರಳಬೇಕು. ಸ್ಫಟಿಕಕ್ಕೆ ತಳದ ಮುಖಗಳ ಇಳಿಜಾರು ಸುಮಾರು 41 ಡಿಗ್ರಿಗಿಂತ ಕಡಿಮೆಯಾದರೆ ಬೆಳಕು ತಳದಿಂದಲೇ ಸೋರಿಹೋಗಿ, ಹರಳು ಕಿಟಕಿಯ ಗಾಜಿನಂತೆ ಬರಿದಾಗಿ ಕಾಣುತ್ತದೆ. ತೂಕ ಉಳಿಸುವ ಆಸೆಯಿಂದ ತಳವನ್ನು ಚಪ್ಪಟೆಯಾಗಿ ಬಿಡುವವರೂ ಉಂಟು. ಅಂಥ ಹರಳು ತಕ್ಕಡಿಯಲ್ಲಿ ಗೆದ್ದು ಬೆರಳಿನ ಮೇಲೆ ಸೋಲುತ್ತದೆ. ಚೆನ್ನಾಗಿ ಕಡಿದರೆ ಕಚ್ಚಾ ಕಲ್ಲಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುವುದು ಸಾಮಾನ್ಯ.

ದಪ್ಪ ಪುಡಿಯ ಚಕ್ರದಿಂದ ನಯವಾದ ಪುಡಿಯ ಚಕ್ರಕ್ಕೆ, ಅಲ್ಲಿಂದ ಹೊಳಪಿನ ಚಕ್ರಕ್ಕೆ ಹೋಗುವಾಗಲೆಲ್ಲ ಹರಳು, ಕಡ್ಡಿ, ಕೈ, ಉಗುರಿನ ಸಂದು ಎಲ್ಲವನ್ನೂ ತೊಳೆಯಬೇಕು. ಹಿಂದಿನ ಹಂತದ ಒಂದೇ ಕಣ ಹೊಳಪಿನ ಚಕ್ರಕ್ಕೆ ಸೇರಿದರೂ ಇಡೀ ದಿನದ ದುಡಿಮೆಗೆ ಗೀರು ಬೀಳುತ್ತದೆ. ಪಕ್ಕದಲ್ಲಿ ಕುಳಿತು ಕಲಿಯುವ ಹುಡುಗನು ಆತುರದಿಂದ, "ಅಬ್ಬಾ, ಈಗ ಹೊಳಪು ಕೊಡೋಣವೇ?" ಎಂದು ಕೇಳಿದರೆ ತಂದೆಯ ಬಾಯಿಂದ ಬರುವ ಉತ್ತರ ಒಂದೇ: "ಮೊದಲು ಕೈ ತೊಳೆದು ಬಾ."

ಚಕ್ರದ ಮೇಲೆ ಹನಿಹನಿಯಾಗಿ ನೀರು ಬೀಳುತ್ತಲೇ ಇರಬೇಕು. ಹರಳು ಕಾದು ಸೀಳದಿರಲಿ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವನ್ನು ತಿಳಿಯಲು ಗುಜರಾತಿನ ಖಂಭಾತಕ್ಕೆ ಹೋಗಬೇಕು. ಶಿಯಾ ಭಕ್ತರಿಗೆ ಬೆರಳಿನಲ್ಲಿ ಅಕೀಕಿನ ಉಂಗುರ ಧರಿಸುವುದು ಪುಣ್ಯದ ಕೆಲಸ. ನಜಫಿನ ಸ್ಫಟಿಕಕ್ಕೂ ಅದೇ ಗೌರವ. ಈ ಎರಡೂ ಕಲ್ಲುಗಳ ಮೂಲದ್ರವ್ಯ ಸಿಲಿಕಾ. ಖಂಭಾತವು ಶತಮಾನಗಳಿಂದ ಅಕೀಕಿಗೆ ಹೆಸರಾದ ಊರು. ಅಲ್ಲಿ ಒಣಗಲ್ಲನ್ನು ಉಜ್ಜಿದ ಮನೆಗಳಲ್ಲಿ ಕಣ್ಣಿಗೆ ಕಾಣದ ಧೂಳು ಎದೆಗೂಡನ್ನು ಹೊಕ್ಕು, ಸಿಲಿಕೋಸಿಸ್ ಎಂಬ ರೋಗವಾಗಿ ಬಹಳ ಮಂದಿಯ ಉಸಿರನ್ನು ಕಟ್ಟಿಸಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗ, ಸಾಣೆಯನ್ನೇ ಮುಟ್ಟದ ನೆರೆಹೊರೆಯವರಲ್ಲಿಯೂ ರೋಗದ ಗುರುತು ಕಂಡಿತು. ಒಮ್ಮೆ ಗಾಯಗೊಂಡ ಶ್ವಾಸಕೋಶವನ್ನು ಮೊದಲಿನಂತೆ ಮಾಡಬಲ್ಲ ಔಷಧವಿಲ್ಲ. 1948ರ ಕಾರ್ಖಾನೆ ಕಾಯಿದೆ ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು, ನಿಜ. ಆದರೆ ವಿದ್ಯುತ್ತಿನಿಂದ ಕೆಲಸ ನಡೆಯುವಲ್ಲಿ ಕನಿಷ್ಠ ಹತ್ತು ಮಂದಿ ಇದ್ದರೆ ಮಾತ್ರ ಆ ಕಾಯಿದೆಯ ಕಣ್ಣಿಗೆ ಅದು ಕಾರ್ಖಾನೆಯಾಗಿತ್ತು. ತಂದೆ ಮಕ್ಕಳು ಕೂಡಿ ನಡೆಸುವ ಮನೆಯ ಸಾಣೆ ಆ ಲೆಕ್ಕಕ್ಕೆ ಬರಲೇ ಇಲ್ಲ.

ಆದ್ದರಿಂದ ಬಲ್ಲ ಸಾಣೆಗಾರನ ಮನೆಯಲ್ಲಿ ಕೆಲಸ ಮುಗಿದ ಕೂಡಲೆ ಪೊರಕೆ ಹಿಡಿಯುವುದಿಲ್ಲ. ಗುಡಿಸಿದರೆ ಒಣಗಿದ ಪುಡಿ ಮೇಲೆದ್ದು ತೊಟ್ಟಿಲವರೆಗೂ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಮೇಜು ಒರೆಸುವುದು, ಚಕ್ರದ ಕೆಳಗಿನ ತಟ್ಟೆಯಲ್ಲಿ ಕೆನೆಯಂತೆ ನಿಂತ ಕೆಸರನ್ನು ಹಸಿಯಾಗಿರುವಾಗಲೇ ಹೊರಗೊಯ್ಯುವುದು, ದುಡಿದ ಬಟ್ಟೆಯನ್ನು ಮನೆಮಂದಿಯ ಬಟ್ಟೆಗೆ ಬೆರೆಸದೆ ಬೇರೆಯಾಗಿ ಒಗೆಯುವುದು, ಇಷ್ಟಾದ ಮೇಲೆಯೇ ಮಗುವನ್ನೆತ್ತಿಕೊಳ್ಳುವುದು ಅಲ್ಲಿಯ ಕ್ರಮ. ಅನಂತರ ಆ ದಿನದ ಹರಳುಗಳನ್ನು ಎಣಿಸಿ, ತೂಗಿ, ಕಾಗದದ ಪೊಟ್ಟಣದ ಮೇಲೆ ತೂಕವನ್ನು ಬರೆದು ಪೆಟ್ಟಿಗೆಗೆ ಸೇರಿಸುತ್ತಾರೆ. ಮರುದಿನ ಬೆಳಗ್ಗೆ ಮೋಟಾರಿನ ಗುಂಡಿ ಒತ್ತುವುದಕ್ಕೆ ಮೊದಲು, ಚಕ್ರದ ಮೇಲೆ ತೂಗುಬಿಟ್ಟ ಡಬ್ಬಿಗೆ ನೀರು ತುಂಬಬೇಕು.