ಛೂ ಬಿಡುವ ಮುನ್ನ

ಅರವತ್ತರ ದಶಕದಲ್ಲಿ ನಮ್ಮ ಮುಧೋಳ ಸೀಮೆಯಲ್ಲಿ ಬಿಳಿಜೋಳದ ಸುಗ್ಗಿ ಮುಗಿದು ಹೊಲಗಳು ಬಯಲಾದವೆಂದರೆ ಮೊಲದ ಬ್ಯಾಟಿಯ ಮಾತು ಶುರುವಾಗುತ್ತಿತ್ತು. ಓಣಿಯ ಹುಡುಗರಾದ ನಮಗೆ ಬ್ಯಾಟಿಗಿಂತ ಹೆಚ್ಚು ಹುಚ್ಚು ಹಿಡಿಸಿದ್ದು ಅದಕ್ಕೂ ಮೊದಲಿನ ತಿಂಗಳುಗಳು, ಕುನ್ನಿಗಳನ್ನು ಪಳಗಿಸುವ ಕಾಲ.

ನಮಗೆಲ್ಲ ಗುರು ಕಾಕಾ. ಅವರು ಈ ವಿದ್ಯೆ ಕಲಿತದ್ದು ಹಲಗಲಿ ಕಡೆಯ ಬೇಡರ ಹಿರಿಯರೊಬ್ಬರಿಂದ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆನೆಂದು ಬ್ರಿಟಿಷರಿಗೆ ಎದುರು ನಿಂತ ಊರದು. ಬೇಟೆ ಅಲ್ಲಿಯವರ ಬದುಕೇ ಆಗಿತ್ತು. ನಮ್ಮ ಬ್ಯಾಟಿಯಲ್ಲಿ ಬಂದೂಕು ಇರಲಿಲ್ಲ. ನಾಯಿ ಮತ್ತು ನಮ್ಮ ಕಾಲು, ಅಷ್ಟೇ.

"ಓಡೂದು ಕುನ್ನಿಗಿ ಹುಟ್ಟಿನಿಂದನ ಬಂದೈತಿ. ನೀವು ನಿಂದ್ರೂದ ಕಲಸ್ರಿ" ಎನ್ನುತ್ತಿದ್ದರು ಕಾಕಾ. ಅದೇ ಅವರ ಪಾಠದ ಬುಡ. ಆರೇಳು ತಿಂಗಳ ಮರಿಯನ್ನು ನಸುಕಿನಲ್ಲಿ ಹಗ್ಗ ಹಿಡಿದು ನಡೆಸಬೇಕು, ಓಡಿಸಬಾರದು. ಎಳೆಯ ಎಲುಬು ಗಟ್ಟಿಯಾಗುವವರೆಗೆ ಎರೆಹೊಲದ ಬಿರುಕಿನ ಹತ್ತಿರವೂ ಬಿಡುತ್ತಿರಲಿಲ್ಲ. ಓಟದ ಭರದಲ್ಲಿ ಕಾಲು ಬಿರುಕಿಗೆ ಸಿಕ್ಕರೆ ನಾಯಿಯ ಬಾಳೇ ಮುಗಿದಂತೆ. ಮರಿಗಳಿಗೆ ಜೋಳದ ನುಚ್ಚು, ಮಜ್ಜಿಗೆ, ಮನೆಯಲ್ಲಿ ಹೈನಿದ್ದರೆ ಹಾಲು. ಅವ್ವ ನಮಗಿಂತ ಮೊದಲು ಅವಕ್ಕೆ ರೊಟ್ಟಿ ಮುರಿದು ಹಾಕುತ್ತಿದ್ದಳು.

ಮುಂದಿನದು ಕುರಿಹಟ್ಟಿಯ ಪಾಠ. ಮುಧೋಳ ನಾಯಿ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಚಲಿಸುವುದೇನು ಕಂಡರೂ ಅದರ ಮೈ ಬಿಗಿಯುತ್ತದೆ. ಅದಕ್ಕೆ ಮರಿಯನ್ನು ಕುರಿ, ಕೋಳಿಗಳ ನಡುವೆ ದಿನಗಟ್ಟಲೆ ಕಟ್ಟುತ್ತಿದ್ದೆವು. ಕುರಿಮರಿ ಮೂಗಿನ ಮುಂದೆ ಜಿಗಿದರೂ ಅದು ಸುಮ್ಮನೆ ಮಲಗಬೇಕು. ಹೊಡೆಯುವ ಹಾಗಿಲ್ಲ. ಈ ನಾಯಿಯ ಮನಸ್ಸು ಬಲು ಮೆತ್ತಗೆ, ಒಂದು ಏಟು ಬಿದ್ದರೆ ಕೈ ಕಂಡರೆ ಸರಿಯುತ್ತದೆ, ಮತ್ತೆ ಕರೆದರೆ ಬರುವುದಿಲ್ಲ. ತಾಳ್ಮೆ ಎಂಬುದನ್ನು ನಾನು ಸಾಲಿಯಲ್ಲಿ ಕಲಿಯಲಿಲ್ಲ, ಆ ಹಟ್ಟಿಯಲ್ಲಿ ಕಲಿತೆ.

ಕೊನೆಯ ಪಾಠ ಹೇಳುತ್ತಿದ್ದವಳು ಚಂಪಿ, ಕಾಕಾನ ಮುದಿ ಹೆಣ್ಣುನಾಯಿ. ಮೊಲ ನೆಟ್ಟಗೆ ಓಡುವುದಿಲ್ಲ. ನಾಯಿ ಬೆನ್ನಿಗೆ ಬಂತೆನ್ನುವಾಗ ಥಟ್ಟನೆ ಹೊರಳುತ್ತದೆ, ಹಿಂಗಾಲು ಉದ್ದವಿರುವುದರಿಂದ ಮಡ್ಡಿಯ ಏರಿನಲ್ಲಿ ಕೈಗೇ ಸಿಗುವುದಿಲ್ಲ. ಕುನ್ನಿಗಳು ಜೀವ ಬಿಟ್ಟು ಹಿಂದೆ ಓಡಿ, ತಿರುವಿನಲ್ಲಿ ಮುಗ್ಗರಿಸುತ್ತಿದ್ದವು. ಚಂಪಿ ಹಾಗಲ್ಲ. ಮೊಲ ಯಾವ ಕಡೆ ಹೊರಳೀತೆಂದು ಮೊದಲೇ ಅಂದಾಜಿಸಿ ಅಡ್ಡ ಹಾಯುತ್ತಿದ್ದಳು. ಅವಳ ಜೊತೆ ನಾಲ್ಕು ಸಲ ಓಡಿದ ಮರಿ ಐದನೆಯದಕ್ಕೆ ತಾನೂ ಅಡ್ಡ ಹಾಯ್ದಾಗ ಕಾಕಾ ರುಮಾಲು ಬಿಚ್ಚಿ ಗಾಳಿಗೆ ಎಸೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬಿಲ್ಲಿನಂತೆ ಬಾಗಿ ಚಿಮ್ಮುವ ಆ ಬೆನ್ನು, ನೆಲ ಮುಟ್ಟಿಯೂ ಮುಟ್ಟದ ಆ ಕಾಲು! ಮೊಲ ತಪ್ಪಿಸಿಕೊಂಡ ದಿನವೂ ನಾವು ಕೇಕೆ ಹಾಕುತ್ತಿದ್ದೆವು. ನಿಜ ಹೇಳಬೇಕೆಂದರೆ ತಪ್ಪಿಸಿಕೊಂಡ ದಿನಗಳೇ ಹೆಚ್ಚು.

ಸಂಜೆ ಕಟ್ಟೆಯ ಮೇಲೆ ಕೂತು ಎಲ್ಲರೂ ಸೇರಿ ನಾಯಿಗಳ ಪಾದದ ಮುಳ್ಳು ತೆಗೆಯುತ್ತಿದ್ದೆವು. ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳನ್ನು ಉಡುಗೊರೆ ಕೊಟ್ಟ ಕಥೆಯನ್ನು ಹಿರಿಯರು ಆಗಲೇ ಹೇಳುತ್ತಿದ್ದುದು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಈಗ ಮೊಲದ ಬೇಟೆ ಅಪರಾಧ, ಹಾಗಿರುವುದೇ ಸರಿ. ನಾವು ಓಡಿದ ಮಡ್ಡಿಗಳಲ್ಲಿ ಎಷ್ಟೋ ಕಬ್ಬಿನ ಗದ್ದೆಗಳಾಗಿವೆ. ನಾಯಿ ಮಾತ್ರ ಉಳಿದಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೆಂದು ಮರಿಗಳು ಮೀರತ್‌ಗೆ ಹೋದವು, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ತಳಿಯನ್ನು ಕಾಪಾಡುತ್ತಿದ್ದಾರೆ.

ಇದರ ಚೆಲುವಿಗೆ ಮನಸೋತು ಬೆಂಗಳೂರಿನ ಫ್ಲ್ಯಾಟಿಗೆ ಮರಿ ಒಯ್ಯುವವರಲ್ಲಿ ನನ್ನದೊಂದು ಬಿನ್ನಹ. ಬೇಟೆ ಬೇಡ, ಬಯಲು ಬೇಕು. ಬೇಲಿಯಿರುವ ಮೈದಾನದಲ್ಲಿ ದಿನಕ್ಕೊಮ್ಮೆಯಾದರೂ ಅದನ್ನು ಮನಸಾರೆ ಓಡಲು ಬಿಡಿ. ಅಷ್ಟು ಜಾಗ, ಅಷ್ಟು ಹೊತ್ತು ನಿಮ್ಮಲ್ಲಿ ಇಲ್ಲವಾದರೆ ದಯವಿಟ್ಟು ಈ ನಾಯಿ ಸಾಕಬೇಡಿ.